ದಾವಣಗೆರೆ–ಚಿತ್ರದುರ್ಗ ಕಚೇರಿಗಳಿಗೆ ಒಂದೇ ಕಾಲ್ ಕ್ಯೂ: ಆಸ್ಟರಿಸ್ಕ್ ವ್ಯವಸ್ಥೆಯ ವಿಮರ್ಶೆ

ಪಂಪ್‌ಸೆಟ್ ಹಾಗೂ ಹನಿ ನೀರಾವರಿ ಸಾಮಗ್ರಿ ಮಾರುವ ನಮ್ಮ ಸಂಸ್ಥೆಗೆ ದಾವಣಗೆರೆಯಲ್ಲೊಂದು, ಚಿತ್ರದುರ್ಗದಲ್ಲೊಂದು ಕಚೇರಿ ಇದೆ. ಬೇಸಿಗೆಯಲ್ಲಿ ಅಂತರ್ಜಲ ಇಳಿದಂತೆಲ್ಲ ಚಳ್ಳಕೆರೆ, ಹಿರಿಯೂರು, ಹೊಸದುರ್ಗದ ಕಡೆಯಿಂದ ಬೋರ್‌ವೆಲ್ ಮೋಟಾರ್ ಸುಟ್ಟುಹೋದ ದೂರುಗಳು ಚಿತ್ರದುರ್ಗದ ಫೋನಿಗೆ ಒಂದೇ ಸಮನೆ ಬರುತ್ತವೆ. ಭದ್ರಾ ನಾಲೆಯನ್ನು ನೆಚ್ಚಿದ ದಾವಣಗೆರೆ ಸೀಮೆಯಿಂದ ಅದೇ ದಿನಗಳಲ್ಲಿ ಅಷ್ಟು ಕರೆಗಳಿರುವುದಿಲ್ಲ. ಒಂದು ಕಡೆ ರೈತರು ಎಂಗೇಜ್ ಟೋನ್ ಕೇಳಿ ಬೇಸತ್ತು ಬೇರೆ ಅಂಗಡಿಗೆ ಹೋಗುವುದು, ಇನ್ನೊಂದು ಕಡೆ ಸಿಬ್ಬಂದಿ ಬಿಡುವಾಗಿ ಕೂರುವುದು ತಪ್ಪಲೆಂದು ಎರಡೂ ಕಚೇರಿಗಳ ಕರೆಗಳನ್ನು ಒಂದೇ ಕ್ಯೂಗೆ, ಅಂದರೆ ಕರೆಗಳು ಸಾಲಾಗಿ ಕಾದು ಬಿಡುವಿದ್ದವರಿಗೆ ಹೋಗುವ ಸರತಿಗೆ, ತಂದೆವು. ಇದಕ್ಕೆ ಆರಿಸಿಕೊಂಡದ್ದು ಕಂಪ್ಯೂಟರನ್ನೇ ಕಚೇರಿಯ ಟೆಲಿಫೋನ್ ಎಕ್ಸ್‌ಚೇಂಜ್ ಆಗಿಸುವ ಮುಕ್ತ ತಂತ್ರಾಂಶವಾದ ಆಸ್ಟರಿಸ್ಕ್ ಮತ್ತು ಅದನ್ನು ಬ್ರೌಸರ್‌ನಲ್ಲೇ ನಿರ್ವಹಿಸಲು ನೆರವಾಗುವ ಫ್ರೀಪಿಬಿಎಕ್ಸ್.

ಮೊದಲಿಗೆ ಎದುರಾಗುವ ಪ್ರಶ್ನೆ, ಕ್ಯೂ ಎಲ್ಲಿರಬೇಕು ಎಂಬುದು. ಪ್ರತಿ ಕಚೇರಿಗೂ ಒಂದೊಂದು ಸರ್ವರ್ ಇಟ್ಟು ಅವನ್ನು ಜೋಡಿಸುವುದು ಒಂದು ದಾರಿ. ಒಂದೇ ಸರ್ವರ್ ಇಟ್ಟು ಇನ್ನೊಂದು ಊರಿನ ಫೋನುಗಳನ್ನು ಅದರ ಎಕ್ಸ್‌ಟೆನ್ಷನ್‌ಗಳಾಗಿ ಸೇರಿಸುವುದು ಮತ್ತೊಂದು. ಕಾಗದದ ಮೇಲೆ ಮೊದಲನೆಯದೇ ಭದ್ರವಾಗಿ ಕಂಡರೂ ಕ್ಯೂ ವಿಷಯದಲ್ಲಿ ಅದಕ್ಕೊಂದು ದೊಡ್ಡ ತೊಡಕಿದೆ. ಒಂದು ಸರ್ವರ್‌ಗೆ ಇನ್ನೊಂದರಲ್ಲಿರುವ ಫೋನ್ ಬಿಡುವಾಗಿದೆಯೇ, ಮಾತಿನಲ್ಲಿದೆಯೇ ಎಂಬುದು ತಾನಾಗಿ ತಿಳಿಯುವುದಿಲ್ಲ. ಆ ಸ್ಥಿತಿಯನ್ನು ಹಂಚಿಕೊಳ್ಳಲು ಪ್ರತ್ಯೇಕ ಏರ್ಪಾಡು ಮಾಡಬೇಕು. ಮಾಡದಿದ್ದರೆ, ಆಗಲೇ ಮಾತನಾಡುತ್ತಿರುವವರಿಗೇ ಮುಂದಿನ ಕರೆಯೂ ಹೋಗುತ್ತದೆ. ಸಣ್ಣ ಸಂಸ್ಥೆಗೆ ಈ ತಲೆನೋವು ಬೇಡ. ನಾವು ದಾವಣಗೆರೆಯಲ್ಲಿ ಒಂದೇ ಸರ್ವರ್ ಇರಿಸಿ, ಚಿತ್ರದುರ್ಗದ ಫೋನುಗಳನ್ನು ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ಸಂಪರ್ಕ) ಮೂಲಕ ಅದಕ್ಕೆ ಸೇರಿಸಿದ್ದೇವೆ. ವಿಪಿಎನ್ ಇಲ್ಲದೆ ರೂಟರ್‌ಗಳನ್ನು ದಾಟಿ ಹೋಗುವ ಕರೆಗಳಲ್ಲಿ ಒಬ್ಬರ ಧ್ವನಿ ಕೇಳಿ ಇನ್ನೊಬ್ಬರದು ಕೇಳದಿರುವ ಸಮಸ್ಯೆ ಸಾಮಾನ್ಯವಾದ್ದರಿಂದ ಈ ಎಚ್ಚರ ಅಗತ್ಯ.

ಇಂಟರ್ನೆಟ್ ವೇಗದ ಬಗ್ಗೆ ಅನೇಕರು ಅನಗತ್ಯವಾಗಿ ಹೆದರುತ್ತಾರೆ. ಧ್ವನಿಯನ್ನು ಡಿಜಿಟಲ್ ರೂಪಕ್ಕೆ ತರುವ ಜಿ.711 ಕೋಡೆಕ್‌ನಲ್ಲಿ ಒಂದು ಕರೆಯ ಧ್ವನಿಗೆ 64 ಕೆಬಿಪಿಎಸ್ ಬೇಕು. ಪ್ಯಾಕೆಟ್‌ಗಳ ಹೊರೆ ಸೇರಿ ಪ್ರತಿ ದಿಕ್ಕಿಗೆ ಸುಮಾರು 87 ಆಗುತ್ತದೆ. ಸಾಧಾರಣ ಫೈಬರ್ ಸಂಪರ್ಕಕ್ಕೆ ಇದೇನೂ ಭಾರವಲ್ಲ. ಮುಖ್ಯವಾದದ್ದು ವಿಳಂಬ ಮತ್ತು ಅದರ ಏರಿಳಿತ: ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಒಳಗಿದ್ದರೆ ಮಾತು ಸಲೀಸು ಎನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಶಿಫಾರಸು. ಎರಡು ಊರುಗಳ ನಡುವಿನ ಸುಮಾರು 60 ಕಿಲೋಮೀಟರ್ ಅಂತರ ಇದಕ್ಕೆ ಅಡ್ಡಿಯಾಗುವುದಿಲ್ಲ. ಆದರೆ ಅದೇ ಲೈನಿನಲ್ಲಿ ಸಿಸಿಟಿವಿ ದೃಶ್ಯಗಳನ್ನೂ ಕಳುಹಿಸುತ್ತಿದ್ದರೆ ರೂಟರ್‌ನಲ್ಲಿ ಧ್ವನಿಗೆ ಆದ್ಯತೆ ಕೊಡಲೇಬೇಕು.

ಈ ವ್ಯವಸ್ಥೆಯ ಶಕ್ತಿಯೂ ತಂಟೆಯೂ ಪೆನಾಲ್ಟಿ ಎಂಬ ಸೌಲಭ್ಯದಲ್ಲಿದೆ: ಸಿಬ್ಬಂದಿಗೆ ಕೊಡುವ ಈ ಅಂಕಿ ಕಡಿಮೆ ಇದ್ದವರಿಗೆ ಕರೆ ಮೊದಲು ಹೋಗುತ್ತದೆ. ಹೊರಗೆ ಒಂದೇ ಕ್ಯೂ ಎನಿಸಿದರೂ ಒಳಗೆ ಪ್ರತಿ ಊರಿನ ಸಂಖ್ಯೆಗೂ ಒಂದೊಂದು ಕ್ಯೂ ಇದ್ದು, ಎರಡರಲ್ಲೂ ಎರಡೂ ಊರಿನವರಿರುತ್ತಾರೆ. ಚಿತ್ರದುರ್ಗದ ಎಸ್‌ಟಿಡಿ ಕೋಡ್ 08194ರ ನಮ್ಮ ಸಂಖ್ಯೆಗೆ ಬಂದ ಕರೆ ಮೊದಲು ಚಿತ್ರದುರ್ಗದವರಿಗೆ, ಅವರೆಲ್ಲ ಮಾತಿನಲ್ಲಿದ್ದರೆ ದಾವಣಗೆರೆಯವರಿಗೆ ಹೋಗುವಂತೆ ಮಾಡಬಹುದು. ದಾವಣಗೆರೆಯ 08192ರ ಕ್ಯೂಗೆ ಇದರ ತಿರುವುಮುರುವು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಕಡಿಮೆ ಪೆನಾಲ್ಟಿಯವರ ಫೋನ್ ರಿಂಗಾದರೂ ಯಾರೂ ಎತ್ತದಿದ್ದರೆ, ಅಷ್ಟರಿಂದಲೇ ಕರೆ ಮುಂದಿನ ಊರಿಗೆ ಹೋಗುವುದಿಲ್ಲ. ಮಧ್ಯಾಹ್ನ ಊಟಕ್ಕೆದ್ದವರು ಲಾಗೌಟ್ ಆಗದಿದ್ದರೆ ಖಾಲಿ ಮೇಜಿನ ಮೇಲಿನ ಫೋನೇ ಮತ್ತೆ ಮತ್ತೆ ರಿಂಗಾಗುತ್ತದೆ. ಅತ್ತ ರೈತ ಹೋಲ್ಡ್ ಸಂಗೀತ ಕೇಳುತ್ತಿರುತ್ತಾನೆ, ಇತ್ತ ದಾವಣಗೆರೆಯವರು ಸುಮ್ಮನಿರುತ್ತಾರೆ. ಪರಿಹಾರಗಳು ವ್ಯವಸ್ಥೆಯಲ್ಲೇ ಇವೆ: ಒಮ್ಮೆ ಎತ್ತದವರನ್ನು ತಾನೇ ವಿರಾಮಕ್ಕೆ ಹಾಕುವ ಆಟೋ ಪಾಜ್, ಇಷ್ಟು ಸೆಕೆಂಡಿನ ನಂತರ ಎರಡೂ ಊರಿನವರನ್ನು ಕರೆಯುವ ಕ್ಯೂ ರೂಲ್ಸ್, ಮತ್ತು ಲಾಗೌಟ್ ಆಗಲು ಸಿಬ್ಬಂದಿಯೇ ಒತ್ತಿ ಬಳಸುವ ಕೋಡ್‌ಗಳು. ನಮಗೆ ಅಳವಡಿಸಿಕೊಟ್ಟ ಸ್ಥಳೀಯ ಏಜೆನ್ಸಿ ಇವುಗಳಲ್ಲಿ ಒಂದನ್ನೂ ಹೇಳಲಿಲ್ಲ. ಫೋನುಗಳು ರಿಂಗಾಗುವುದನ್ನು ತೋರಿಸಿ, ಬಿಲ್ ಕೊಟ್ಟು ಹೊರಟಿತು.

ಕರೆ ಯಾವ ಕ್ಯೂನಿಂದ ಬಂತೆಂಬ ಗುರುತನ್ನು ಫೋನಿನ ಪರದೆಯ ಮೇಲೆ ಹೆಸರಿನ ಮುಂದೆ ತೋರಿಸಬಹುದು. ಇದು ಚಿಕ್ಕ ಸೌಲಭ್ಯವೆನಿಸಿದರೂ ಇದಿಲ್ಲದೆ ಹಂಚಿಕೆಯೇ ಕೆಡುತ್ತದೆ, ಏಕೆಂದರೆ ‘ದುರ್ಗದ ಅಂಗಡೀನಾ ಅಕ್ಕಾ?’ ಎಂದು ಕೇಳಿದವರಿಗೆ ದಾವಣಗೆರೆಯವರು ‘ಅಲ್ಲ’ ಎಂದರೆ ಅವರು ಆ ಕ್ಷಣವೇ ಫೋನ್ ಇಡುತ್ತಾರೆ. ಗುರುತು ಕಂಡವರು ‘ಹೌದು, ಹೇಳಿ’ ಎನ್ನುತ್ತಾರೆ. ಆಮೇಲೆ ಹೇಳಲು ಉತ್ತರವಿರಬೇಕಾದರೆ ಚಿತ್ರದುರ್ಗದ ಗೋದಾಮಿನ ದಾಸ್ತಾನು, ಹೊಳಲ್ಕೆರೆ ಕಡೆಗೆ ಹೋಗಿರುವ ಮೆಕ್ಯಾನಿಕ್ ಯಾರೆಂಬ ವಿವರ ದಾವಣಗೆರೆಯಲ್ಲಿಯೂ ತೆರೆದಿರಬೇಕು; ಟ್ಯಾಲಿ ಲೆಕ್ಕ ಎರಡೂ ಕಡೆ ಕಾಣುವಂತಾದ ಮೇಲೆಯೇ ಕ್ಯೂ ಹಂಚಿಕೆ ನಿಜವಾಗಿ ಕೆಲಸಕ್ಕೆ ಬಂದದ್ದು. ತಂತ್ರಾಂಶದ ಜೊತೆಗೆ ಬರುವ ಧ್ವನಿಸೂಚನೆಗಳು ಕನ್ನಡದಲ್ಲಿಲ್ಲ. ‘ದಯವಿಟ್ಟು ಕಾಯಿರಿ’ ಎಂಬುದನ್ನು ನಮ್ಮ ಸಿಬ್ಬಂದಿಯ ಧ್ವನಿಯಲ್ಲೇ ಮುದ್ರಿಸಿಕೊಂಡೆವು, ಅದು ಸುಲಭ.

ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ. ಖರ್ಚೆಲ್ಲ ಐಪಿ ಫೋನ್, ಸಿಪ್ ಟ್ರಂಕ್ (ದೂರವಾಣಿ ಕಂಪನಿಯಿಂದ ಸರ್ವರ್‌ಗೆ ಕರೆಗಳನ್ನು ತರುವ ಡಿಜಿಟಲ್ ಲೈನ್), ಯುಪಿಎಸ್ ಮತ್ತು ಅಳವಡಿಕೆಯ ಕೂಲಿಗೆ. ಟ್ರಂಕನ್ನು ಪರವಾನಗಿ ಪಡೆದ ದೂರವಾಣಿ ಕಂಪನಿಯಿಂದಲೇ ಪಡೆಯಬೇಕು.

ಒಂದೇ ಸರ್ವರ್‌ನ ದೌರ್ಬಲ್ಯವನ್ನೂ ಹೇಳಲೇಬೇಕು. ಚಿತ್ರದುರ್ಗದ ಇಂಟರ್ನೆಟ್ ಕೈಕೊಟ್ಟರೆ ಅಲ್ಲಿನ ಕರೆಗಳು ದಾವಣಗೆರೆಗೆ ಬರುತ್ತವೆ, ಗ್ರಾಹಕರಿಗೆ ಗೊತ್ತೂ ಆಗುವುದಿಲ್ಲ. ದಾವಣಗೆರೆಯಲ್ಲಿ ಬೆಸ್ಕಾಂ ವಿದ್ಯುತ್ ಹೋಗಿ ಯುಪಿಎಸ್ ಬ್ಯಾಟರಿಯೂ ಮುಗಿದರೆ ಎರಡೂ ಊರುಗಳ ಫೋನ್ ಮೂಕವಾಗುತ್ತದೆ. ಆದ್ದರಿಂದ ಸರ್ವರ್‌ನಿಂದ ಉತ್ತರ ಸಿಗದಿದ್ದಾಗ ಕರೆಯನ್ನು ಮೊಬೈಲ್‌ಗೆ ತಿರುಗಿಸುವ ಏರ್ಪಾಡನ್ನು ಟ್ರಂಕ್ ಕೊಡುವ ಕಂಪನಿಯ ಕಡೆಯಿಂದಲೇ ಮಾಡಿಸಿಕೊಂಡಿದ್ದೇವೆ. ಎರಡೂ ಕಡೆ ಫೋನ್ ಎತ್ತಲು ಒಬ್ಬೊಬ್ಬರೇ ಇರುವ ಅಂಗಡಿಗಳಿಗೆ ಇಷ್ಟೆಲ್ಲ ಬೇಕಿಲ್ಲ, ಕಾಲ್ ಫಾರ್ವರ್ಡಿಂಗ್ ಸಾಕು. ಪ್ರತಿ ಕಚೇರಿಯಲ್ಲೂ ಇಬ್ಬರು ಮೂವರು ಕರೆ ಸ್ವೀಕರಿಸುವಂತಿದ್ದರೆ ಮಾತ್ರ ಇದನ್ನು ಧೈರ್ಯವಾಗಿ ಹಾಕಿಸಬಹುದು, ಆದರೆ ಊಟದ ಹೊತ್ತಿನ ಕರೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಣ್ಣೆದುರು ಪರೀಕ್ಷಿಸಿದ ನಂತರವೇ ಏಜೆನ್ಸಿಗೆ ಬಾಕಿ ಹಣ ಕೊಡಬೇಕು.