‘ಕೆಜಿಎಫ್ ದೊರೆ ಬಂಗಲೆಯ ಚಿನ್ನದ ರೇಜರ್’: ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಕೋಲಾರ, ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆ ಕಡೆ ಹಳೇ ಸಾಮಾನಿನ ಹುಚ್ಚಿರುವವರಿಗೆ ವಾಟ್ಸಾಪಿನಲ್ಲಿ ಒಂದು ಬಗೆಯ ಫೋಟೋ ಬರುತ್ತೆ. ಕೆಂಪು ವೆಲ್ವೆಟ್ ಬಟ್ಟೆಯ ಮೇಲೆ ಪಳಪಳ ಹೊಳೆಯುವ ಒಂದು ರೇಜರ್, ಕೆಳಗೆ ‘ಕೆಜಿಎಫ್ ದೊರೆ ಬಂಗಲೆ ಮಾಲು, ಚಿನ್ನದ ಗಿಲೀಟು, 1912’ ಅನ್ನುವ ಒಕ್ಕಣೆ. ಬಂಗಾರಪೇಟೆಯ ಒಬ್ಬರು ಇಂಥದ್ದನ್ನು 3,200 ರೂಪಾಯಿಗೆ ತಗೊಂಡು, ಮೊದಲ ಶೇವಿಂಗ್‌ನಲ್ಲೇ ಗದ್ದದ ಎಡಭಾಗ ಕೊಯ್ದುಕೊಂಡು ಹೊಲಿಗೆ ಹಾಕಿಸಿಕೊಂಡರು. ಮಾರಿದವರು ಈಗ ಫೋನ್ ಎತ್ತುತ್ತಿಲ್ಲ. ಆ ರೇಜರ್ ಬಿಚ್ಚಿ ನೋಡಿದಾಗ ಕಂಡದ್ದನ್ನು ಕೊಂಡವರ ಒಪ್ಪಿಗೆ ಪಡೆದೇ ಇಲ್ಲಿ ಬರೆದಿದೆ.

ಅದು ಜೆಮ್ ಮೈಕ್ರೋಮ್ಯಾಟಿಕ್. ಅಮೆರಿಕದ ಬ್ರೂಕ್ಲಿನ್‌ನಲ್ಲಿದ್ದ ಅಮೆರಿಕನ್ ಸೇಫ್ಟಿ ರೇಜರ್ ಕಂಪನಿಯ ಮಾಲು. ಹಿಡಿಕೆಯ ಬುಡದ ತಿರುಪು ತಿರುಗಿಸಿದರೆ ತಲೆಯ ಮುಚ್ಚಳ ಮೇಲೇಳುತ್ತೆ. ಒಳಗೆ ಒಂದೇ ಅಂಚಿನ ಬ್ಲೇಡ್ ತೂರಿಸಿ ಮತ್ತೆ ತಿರುಗಿಸಿ ಬಿಗಿ ಮಾಡಬೇಕು. ಈ ಮಾದರಿ ಬಂದದ್ದೇ 1930ರ ಹೊತ್ತಿಗೆ, ಆದ್ದರಿಂದ ‘1912’ ಅನ್ನುವುದು ಮೊದಲ ಸುಳ್ಳು. ಅದೇ ಕಂಪನಿಯ ಎವರ್-ರೆಡಿ ರೇಜರುಗಳ ಮೇಲೆ ನಿಜವಾಗಿಯೇ 1912 ಅಂತ ಅಚ್ಚಿರುತ್ತೆ. ಆದರೆ ಅದು ಪೇಟೆಂಟಿನ ವರ್ಷ. ಆ ಅಚ್ಚಿನ ಮಾಲು ಆಮೇಲೂ ಬಹಳ ವರ್ಷ ಬಂತು. ಇಸವಿ ನೋಡಿ ಬೆಲೆ ಏರಿಸಬೇಡಿ.

ಎರಡನೇ ಸುಳ್ಳು ಚಿನ್ನದ್ದು. ಇಂಥ ರೇಜರುಗಳಲ್ಲಿ ಚಿನ್ನದ ಗಿಲೀಟು ಹಾಕಿದವು ಇದ್ದದ್ದು ನಿಜ. ಆದರೆ ಇದರ ಮುಚ್ಚಳ ಎತ್ತಿ ನೋಡಿದರೆ ಒಳಗೆಲ್ಲ ಬೆಳ್ಳಗಿನ ನಿಕ್ಕಲ್, ಹೊರಗೆ ಮಾತ್ರ ಹಳದಿ. ಗಿಲೀಟು ಹಾಕುವಾಗ ತಲೆಯನ್ನು ದ್ರಾವಣದಲ್ಲಿ ಮುಳುಗಿಸ್ತಾರೆ, ಬಣ್ಣ ಸಂದುಗೊಂದಿಗೂ ಹತ್ತುತ್ತೆ. ಇಲ್ಲಿ ಆಗಿದ್ದು ಉಲ್ಟಾ. ಬಫಿಂಗ್ ಚಕ್ರಕ್ಕೆ ಹಿಡಿದು ಹೊರಗಿನ ನಿಕ್ಕಲ್ ಪೂರ್ತಿ ಎಬ್ಬಿಸಿದ್ದಾರೆ, ಕೆಳಗಿನ ಹಿತ್ತಾಳೆ ಮಿಂಚಿದೆ. ಚಿನ್ನದ ಗಣಿ ಊರಿನ ಹೆಸರಿನಲ್ಲಿ ಹಿತ್ತಾಳೆ ಮಾರುವುದಕ್ಕೆ ಧೈರ್ಯ ಬೇಕು, ಅದೊಂದನ್ನು ಒಪ್ಪಬೇಕು. ಅನುಮಾನ ಬಂದರೆ ಒದ್ದೆ ಕೈಯಲ್ಲಿ ಒಂದು ನಿಮಿಷ ಉಜ್ಜಿ ಬೆರಳು ಮೂಸಿ ನೋಡಿ. ಬರೀ ಹಿತ್ತಾಳೆಯಾದರೆ ಹಳೇ ಚೊಂಬಿನ ವಾಸನೆ ಬರುತ್ತೆ, ಕೆಲವೇ ದಿನಕ್ಕೆ ಬಣ್ಣವೂ ಮಂಕಾಗುತ್ತೆ.

ಇಷ್ಟೇ ಆಗಿದ್ದರೆ ಹೋದದ್ದು ದುಡ್ಡು ಮಾತ್ರ. ಕೊಯ್ದದ್ದಕ್ಕೆ ಕಾರಣ ಬೇರೆ.

ತಲೆಯ ಎರಡು ತುದಿಯಲ್ಲಿ ಬ್ಲೇಡಿನ ಮೂಲೆಗಳನ್ನು ತಡೆದು ನಿಲ್ಲಿಸುವ ಎರಡು ಸಣ್ಣ ಸ್ಟಾಪರ್‌ಗಳಿರುತ್ತವೆ, ಅಕ್ಕಿಕಾಳಿಗಿಂತ ಚಿಕ್ಕವು. ತಲೆಯ ಹಿಂಭಾಗ ಬ್ಲೇಡಿನ ಬೆನ್ನುಪಟ್ಟಿಯನ್ನು, ಅಂದರೆ ಅಂಚಿನ ಎದುರು ಬದಿಯ ದಪ್ಪ ಪಟ್ಟಿಯನ್ನು, ಮುಂದಕ್ಕೆ ಒತ್ತುತ್ತಾ ಇರುತ್ತೆ, ಮುಂದೆ ಈ ಸ್ಟಾಪರ್‌ಗಳು ತಡೀತವೆ. ಅಂಚು ಗಾರ್ಡಿನಿಂದ (ಅಂಚಿನ ಕೆಳಗೆ ಚರ್ಮಕ್ಕೆ ತಾಗುವ ಪಟ್ಟಿ) ಎಷ್ಟು ಹೊರಗಿರಬೇಕು ಅನ್ನುವುದು ಪೂರ್ತಿ ಇವುಗಳ ಕೈಯಲ್ಲಿದೆ. ಒಂದು ಮುರಿದರೆ ಆ ಕಡೆಯ ಮೂಲೆ ಮುಂದಕ್ಕೆ ಜಾರುತ್ತೆ, ಬ್ಲೇಡ್ ಓರೆಯಾಗುತ್ತೆ. ಕೆನ್ನೆಯ ಚಪ್ಪಟೆ ಜಾಗದಲ್ಲಿ ಗೊತ್ತಾಗದೆ ಹೋಗಬಹುದು. ಗದ್ದದ ತಿರುವಿಗೆ ಬಂದ ಕೂಡಲೇ ಮುಂದೆ ಬಂದ ಮೂಲೆ ನೇರ ಚರ್ಮಕ್ಕಿಳಿಯುತ್ತೆ.

ಬಂಗಾರಪೇಟೆಯವರ ರೇಜರಿನಲ್ಲಿ ಎಡಗಡೆಯ ಸ್ಟಾಪರ್ ಇರಲೇ ಇಲ್ಲ, ಬುಡ ಮಾತ್ರ ಇತ್ತು. ಭೂತಕನ್ನಡಿ ಹಿಡಿದು ನೋಡಿದರೆ ಆ ಮುರುಕಿನ ಮೇಲೂ ಬಫಿಂಗ್‌ನ ಹೊಳಪು, ಅಂಚು ನುಣ್ಣಗೆ ಉರುಟಾಗಿತ್ತು. ಪಾಲಿಶ್ ಆದ ಮೇಲೆ ಮುರಿದಿದ್ದರೆ ಆ ಜಾಗ ಒರಟಾಗಿ, ಮಂಕಾಗಿ ಕಾಣಬೇಕಿತ್ತು. ಅಂದರೆ ಮುರಿದದ್ದು ಮೊದಲು, ಹೊಳಪು ಕೊಟ್ಟದ್ದು ಆಮೇಲೆ. ಪಾಲಿಶ್ ಮಾಡಿದವರ ಕಣ್ಣಿಗೆ ಅದು ಬೀಳದೇ ಇರಲು ಸಾಧ್ಯವೇ ಇಲ್ಲ.

ಇನ್ನು ಬ್ಲೇಡಿನ ವಿಷಯ. ರೇಜರಿನ ಜೊತೆ ಬ್ಲೇಡ್ ಕೊಟ್ಟಿರಲಿಲ್ಲ. ‘ಯಾವುದಾದರೂ ಹಾರ್ಡ್‌ವೇರ್ ಅಂಗಡೀಲಿ ಸಿಗುತ್ತೆ ಸಾರ್’ ಅಂತ ಹೇಳಿ ಕಳಿಸಿದ್ದಾರೆ. ಅಲ್ಲಿ ಸಿಗುವುದು ಗಾಜಿನ ಮೇಲಿನ ಪೇಂಟ್, ಸ್ಟಿಕ್ಕರ್ ಕೆರೆಯುವ ಸ್ಕ್ರೇಪರ್ ಬ್ಲೇಡ್. ನೋಡೋಕೆ ಅಣ್ಣತಮ್ಮ ಇದ್ದ ಹಾಗೆ: ಅದೇ ಸುಮಾರು 38 ಮಿ.ಮೀ. ಉದ್ದ, ಹಿಂದೆ ಅದೇ ಬೆನ್ನುಪಟ್ಟಿ. ತಲೆಯೊಳಗೆ ಕೂರುತ್ತೆ ಕೂಡ. ಆದರೆ ಅದರ ಅಂಚನ್ನು ಮಸೆದಿರುವುದು ಪೇಂಟಿಗೆ, ಮುಖಕ್ಕಲ್ಲ. ಶೇವಿಂಗ್ ಬ್ಲೇಡಿನ ಅಂಚಿನ ನಯವಾಗಲಿ, ಜಾರಲು ಇರುವ ಲೇಪವಾಗಲಿ ಅದಕ್ಕಿಲ್ಲ. ಮೇಲಾಗಿ ಸ್ಕ್ರೇಪರ್ ಬ್ಲೇಡ್ 0.23 ಮಿ.ಮೀ. ಮತ್ತು 0.30 ಮಿ.ಮೀ. ಎರಡೂ ದಪ್ಪದಲ್ಲಿ ಬರುತ್ತೆ. ಜೆಮ್ ಶೇವಿಂಗ್ ಬ್ಲೇಡ್ 0.23ರದ್ದು. ದಪ್ಪದ್ದನ್ನು ಹಟ ಹಿಡಿದು ತೂರಿಸಿ ತಿರುಪು ಬಿಗಿ ಮಾಡಿದರೆ ಏಟು ಬೀಳುವುದು ಸ್ಟಾಪರ್ ಮೇಲೆ.

ಕೆಲವರು ಇನ್ನೊಂದು ಉಪಾಯ ಹೇಳ್ತಾರೆ: ಸಲೂನಿನವರ ಹಾಗೆ ಮಾಮೂಲಿ ಎರಡು ಅಂಚಿನ ಬ್ಲೇಡನ್ನು ಅರ್ಧ ಮುರಿದು ಹಾಕಿ ಅಂತ. ಖಂಡಿತ ಬೇಡ. ಆ ಬ್ಲೇಡಿನ ದಪ್ಪ 0.1 ಮಿ.ಮೀ., ಅರ್ಧ ಮಾಡಿದರೆ ಅಗಲ 11 ಮಿ.ಮೀ. ಉಳಿಯುತ್ತೆ. ಜೆಮ್ ತಲೆಗೆ ಬೇಕಾದದ್ದು ಸುಮಾರು 19. ಸಲೂನಿನ ಕತ್ತಿ ಆ ಅರ್ಧ ಬ್ಲೇಡನ್ನು ಉದ್ದಕ್ಕೂ ಕಚ್ಚಿ ಹಿಡಿದು ಅಂಚನ್ನಷ್ಟೇ ಹೊರಗೆ ಬಿಟ್ಟಿರುತ್ತೆ, ಅದಕ್ಕೇ ಅಲ್ಲಿ ನಡೆಯುತ್ತೆ. ಇಲ್ಲಿ ಹಿಡಿಯಲು ಬೆನ್ನುಪಟ್ಟಿಯೇ ಇಲ್ಲ. ಸಿಗರೇಟ್ ಪ್ಯಾಕಿನ ಹಾಳೆ ಮಡಿಸಿ ಹಿಂದೆ ಇಟ್ಟರೂ ನೊರೆಯ ನೀರಿಗೆ ಅದು ಮೆತ್ತಗಾಗಿ ಬ್ಲೇಡ್ ತೇಲುತ್ತೆ.

ಸರಿಯಾದ್ದು ಜೆಮ್ ಮಾದರಿಯ ಶೇವಿಂಗ್ ಬ್ಲೇಡ್, ಸಾಧ್ಯವಾದರೆ ಲೇಪವಿರುವ ಸ್ಟೇನ್‌ಲೆಸ್. ಕೋಲಾರದ ಅಂಗಡಿಗಳಲ್ಲಿ ಹುಡುಕಿ ಚಪ್ಪಲಿ ಸವೆಸಬೇಡಿ, ಆಮದು ಮಾಲನ್ನೇ ಆನ್‌ಲೈನಿನಲ್ಲಿ ತರಿಸಬೇಕು. ರೇಜರಿಗೆ ಮುಂಗಡ ಕೊಡುವ ಮೊದಲು ಬ್ಲೇಡ್ ಸಿಗುತ್ತಾ, ಕೈಗೆ ಬರುವಾಗ ಎಷ್ಟು ಬೀಳುತ್ತೆ ಅಂತ ನೋಡಿಕೊಳ್ಳಿ. ‘ಒಂದೇ ಅಂಚು’ ಅಂದ ಮಾತ್ರಕ್ಕೆ ಎಲ್ಲಾ ಬ್ಲೇಡೂ ಎಲ್ಲದಕ್ಕೂ ಹೊಂದಲ್ಲ. ವ್ಯಾಲೆಟ್ ಆಟೋಸ್ಟ್ರಾಪ್ ರೇಜರಿಗೆ ಬೇರೆಯದೇ ಬ್ಲೇಡ್, ಜಪಾನಿನ ಫೆದರ್‌ನ ಎಫ್‌ಎಚ್‌ಎಸ್-10 ಅದಕ್ಕೆ ಸರಿಹೋಗುತ್ತೆ. ಶಿಕ್ ಇಂಜೆಕ್ಟರಿಗೆ ಇನ್ನೊಂದು.

ನಿಜವಾಗಿ ದೊರೆ ಬಂಗಲೆಯಲ್ಲಿ ಸಿಕ್ಕುವ ಸಾಧ್ಯತೆ ಇದ್ದರೆ ಅದು ಇಂಗ್ಲೆಂಡಿನ ರೋಲ್ಸ್ ರೇಜರಿಗೇ ಹೆಚ್ಚು ಅನ್ನುವುದು ನಮ್ಮ ಅಂದಾಜು. ಜಾನ್ ಟೇಲರ್ ಕಂಪನಿ 1880ರಲ್ಲಿ ಗಣಿಗೆ ಕೈಹಾಕಿದ ಮೇಲೆ ಬಂದವರು ಇಂಗ್ಲೆಂಡಿನವರು ತಾನೇ. ರೋಲ್ಸ್ ಅಂದರೆ ಉದ್ದನೆಯ ಲೋಹದ ಡಬ್ಬಿ, ಒಂದು ಮುಚ್ಚಳದಲ್ಲಿ ಸಾಣೆಕಲ್ಲು, ಇನ್ನೊಂದರಲ್ಲಿ ಚರ್ಮದ ಪಟ್ಟಿ, ಮಧ್ಯೆ ಹಿಂದೆಮುಂದೆ ಓಡಾಡಿಸಿ ಮಸೆಯುವ ಒಂದೇ ಖಾಯಂ ಬ್ಲೇಡ್. ಕಲ್ಲು ಬಿರುಕು ಬಿಟ್ಟಿದ್ದರೆ, ಚರ್ಮ ಒಣಗಿ ಹಪ್ಪಳವಾಗಿದ್ದರೆ, ಬ್ಲೇಡಿನ ಅಂಚಿನಲ್ಲಿ ತುಕ್ಕಿನ ಗುಂಡಿ ಬಿದ್ದಿದ್ದರೆ ಶೋಕೇಸಿಗೆ ಮಾತ್ರ. ರೋಲ್ಸ್ ರೇಜರ್ ಕಂಪನಿ ವಾಷಿಂಗ್ ಮಷಿನ್ ಮಾರಲು ಹೋಗಿ 1964ರಲ್ಲಿ ಮುಳುಗಿತು, ಬಿಡಿಭಾಗಕ್ಕೆ ಗತಿಯಿಲ್ಲ.

ಕೊಳ್ಳುವ ಮುಂಚೆ ಮಾರುವವರಿಂದ ಮುಚ್ಚಳ ತೆರೆದ ಫೋಟೋ ಕೇಳಿ, ಎಡ ಸ್ಟಾಪರ್ ಒಂದು, ಬಲ ಸ್ಟಾಪರ್ ಒಂದು, ಹತ್ತಿರದಿಂದ. ಮಾಮೂಲಿ ಹೊಳೆಯುವ ಫೋಟೋವನ್ನೇ ಮತ್ತೆ ಕಳಿಸಿದರೆ ಅಲ್ಲಿಗೆ ಮಾತು ಮುಗಿಸಿ. ಕೈಯಲ್ಲಿ ಹಿಡಿದು ನೋಡುವ ಅವಕಾಶವಿದ್ದರೆ ನಿಮ್ಮದೇ ಹೊಸ ಬ್ಲೇಡ್ ಹಾಕಿ, ತಿರುಪು ಬಿಗಿ ಮಾಡಿ, ಕಿಟಕಿಯ ಬೆಳಕಿಗೆ ಹಿಡಿಯಿರಿ. ಬ್ಲೇಡಿನ ಅಂಚಿಗೂ ಗಾರ್ಡಿಗೂ ನಡುವೆ ಬೆಳಕಿನ ಗೆರೆ ಈ ತುದಿಯಿಂದ ಆ ತುದಿಗೆ ಒಂದೇ ಅಗಲ ಇರಬೇಕು. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಕಂಡರೆ ಮೊದಲು ಬ್ಲೇಡ್ ತೆಗೆದು ಮತ್ತೆ ಕೂರಿಸಿ ನೋಡಿ, ಹಳೇ ಸೋಪಿನ ಗಷ್ಟು ಅಡ್ಡ ಬಂದಿರಬಹುದು. ಆಗಲೂ ಹಾಗೇ ಇದ್ದರೆ ವಾಪಸ್ ಕೊಡಿ. ಗಾರ್ಡ್ ಬಾಚಣಿಗೆ ಹಲ್ಲಿನ ಹಾಗಿರುವ ಮಾದರಿಯಾದರೆ ಹಲ್ಲು ಬಾಗಿದೆಯಾ ನೋಡಿ. ಹಳೇ ಬ್ಲೇಡ್ ಒಳಗೇ ಇದ್ದರೆ ಎಷ್ಟೇ ಹೊಸದಾಗಿ ಕಂಡರೂ ಬಳಸಬೇಡಿ. ಇನ್ನೊಬ್ಬರ ರಕ್ತ ತಾಗಿದ ಬ್ಲೇಡಿನಿಂದ ಹೆಪಟೈಟಿಸ್ ಬಿ ಬರಬಹುದು.

ತೊಳೆಯುವುದರಲ್ಲೂ ನಮ್ಮ ಕಡೆ ಒಂದು ಎಡವಟ್ಟು ಮಾಡ್ತಾರೆ. ಹಿತ್ತಾಳೆ ಅಂದ ಕೂಡಲೇ ಹುಣಸೆಹಣ್ಣು. ರಾತ್ರಿಯಿಡೀ ಹುಣಸೆ ರಸದಲ್ಲೋ ವಿನೆಗರಿನಲ್ಲೋ ನೆನೆಸಿದರೆ ಹುಳಿ ಉಳಿದ ನಿಕ್ಕಲನ್ನೂ ತಿನ್ನುತ್ತೆ, ಪಾತ್ರೆ ತಿಕ್ಕುವ ಪುಡಿ ಗೀರು ಹಾಕುತ್ತೆ. ಬ್ಲೀಚಿಂಗ್ ನೀರಂತೂ ಬೇಡವೇ ಬೇಡ. ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ, ಬೆಚ್ಚಗಿನ ನೀರು, ಅರ್ಧ ಗಂಟೆ ನೆನೆಸಿ ಹಳೇ ಮೆತ್ತನೆಯ ಟೂತ್‌ಬ್ರಷ್‌ನಲ್ಲಿ ತಿಕ್ಕಿ, ಒಣಗಿಸಿ, ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿದರೆ ಸಾಕು. ತಿರುಪು ಹಿಡಿದುಕೊಂಡಿದ್ದರೆ ಇಕ್ಕಳ ಹಾಕಬೇಡಿ. ಇನ್ನೊಮ್ಮೆ ನೆನೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು ಒಂದು ದಿನ ಹಾಗೇ ಇಡಿ.

ರೇಜರ್ ಸರಿ ಇದ್ದರೂ ಕೆಲವರಿಗೆ ಉರಿ, ಗೀರು ತಪ್ಪಲ್ಲ. ಕಾರಣ ಹೆಚ್ಚಾಗಿ ಕೋನ. ಎರಡು ಅಂಚಿನ ರೇಜರನ್ನು ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದ ಅಭ್ಯಾಸ ಇಲ್ಲಿ ನಡೆಯಲ್ಲ. ಮುಚ್ಚಳದ ಚಪ್ಪಟೆ ಭಾಗವನ್ನು ಪೂರ್ತಿ ಕೆನ್ನೆಗೆ ತಾಗಿಸಿ, ಹಿಡಿಕೆ ಮುಖದಿಂದ ಹೊರಕ್ಕೆ ಚಾಚಿರಲಿ. ಅಲ್ಲಿಂದ ಕೂದಲು ಕತ್ತರಿಸುವ ಸದ್ದು ಬರುವಷ್ಟು ಮಾತ್ರ ಹಿಡಿಕೆ ಇಳಿಸಿ. ಸದ್ದು ಜೋರಾಗಿಯೇ ಇರುತ್ತೆ, ಹೆದರಬೇಡಿ. ದಪ್ಪ ಬ್ಲೇಡ್ ಹಾಗೇ. ಒತ್ತಬೇಡಿ, ತೂಕ ಸಾಕು. ಒಂದೊಂದು ಎಳೆತ ಎರಡು ಮೂರು ಸೆಂ.ಮೀ. ಮೀರದಿರಲಿ, ಮೊದಲ ಸಲ ಕೂದಲು ಬೆಳೆದ ದಿಕ್ಕಿಗೇ.

ಕೋನದ ಜೊತೆಗೆ ನೀರಿನದ್ದೂ ಪಾಲಿದೆ. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನ ಗಡಸು ಎಲ್ಲರಿಗೂ ಗೊತ್ತು. ಅದರ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಗಷ್ಟಾಗುತ್ತೆ, ನೊರೆ ಕಟ್ಟಿದ ಹಾಗೇ ಕುಸಿಯುತ್ತೆ. ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನು ಅರ್ಧ ಲೋಟ ಬಿಸಿ ಮಾಡಿ ನೊರೆಗೆ ಬಳಸಿ, ವ್ಯತ್ಯಾಸ ಅದೇ ದಿನ ಗೊತ್ತಾಗುತ್ತೆ. ಶೇವಿಂಗ್ ಆದ ಮೇಲೆ ರೇಜರಿನ ತಲೆ ತೆರೆದು ಒಣಗಲು ಬಿಡಿ. ಇಲ್ಲದಿದ್ದರೆ ಸ್ಟಾಪರ್ ಸುತ್ತ ಬಿಳಿ ಗಾರೆ ಕಟ್ಟಿ, ಒಳ್ಳೇ ರೇಜರಿನಲ್ಲೂ ಬ್ಲೇಡ್ ಓರೆ ಕೂರಲು ಶುರುವಾಗುತ್ತೆ.

ಮುರಿದ ಸ್ಟಾಪರಿಗೆ ಅಕ್ಕಸಾಲಿಗರ ಹತ್ತಿರ ಬೆಸುಗೆ ಹಾಕಿಸಬಹುದಾ ಅಂತ ಬಂಗಾರಪೇಟೆಯವರು ಕೇಳಿದರು. ಬೆಸುಗೆ ನಿಲ್ಲಬಹುದು, ಆದರೆ ಬಲಗಡೆಯದಕ್ಕೆ ಕೂದಲೆಳೆ ವ್ಯತ್ಯಾಸವಿಲ್ಲದೆ ಸಮ ಬರಬೇಕು. ಅದನ್ನು ಕಣ್ಣಂದಾಜಿನಲ್ಲಿ ಮಾಡಲಾಗಲ್ಲ, ಪರೀಕ್ಷೆ ಮಾಡುವುದು ನಿಮ್ಮ ಮುಖದ ಮೇಲೆ. ಅವರು ಆ ರೇಜರನ್ನು ಬಿಡಿಭಾಗಕ್ಕೆ ಅಂತ ಎತ್ತಿಟ್ಟಿದ್ದಾರೆ: ತಿರುಪು, ಹಿಡಿಕೆ ಚೆನ್ನಾಗಿವೆ, ಬೇಕಾದವರು ಕೇಳಬಹುದು.