ಮಲ್ಟಿ ಎಫೆಕ್ಟ್ಸ್ ಬೇಕಾ, ಒಂದು ಓವರ್‌ಡ್ರೈವ್ ಸಾಕಾ?

ನನ್ನ ಓಟು ಒಂದೇ ಓವರ್‌ಡ್ರೈವ್ ಪೆಡಲ್‌ಗೆ (ಎಲೆಕ್ಟ್ರಿಕ್ ಗಿಟಾರ್ ದನಿಗೆ ಕರಕರ ಸೇರಿಸುವ, ಕಾಲಲ್ಲಿ ಒತ್ತುವ ಡಬ್ಬಿ), ಮತ್ತು ಗಿಟಾರ್ ಮೇಲೇ ಇರುವ ಗುಂಡಿಗಳಿಗೆ. ಹಲವು ಎಫೆಕ್ಟುಗಳು ಒಂದೇ ಡಬ್ಬಿಯಲ್ಲಿರುವ ಮಲ್ಟಿ ಎಫೆಕ್ಟ್ಸ್ ಈಗ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನುಡಿಸಲು ಮಾತ್ರ.

ಬೆಳಗಾವಿಯಲ್ಲಿ ಗಣಪತಿ ಹಬ್ಬದ ಆರ್ಕೆಸ್ಟ್ರಾ ಅಂದರೆ ಒಂದು ಕನ್ನಡ ಹಾಡು, ಹಿಂದೆಯೇ ಮರಾಠಿ, ಆಮೇಲೆ ಯಾರೋ ಕೇಳಿದ ಹಿಂದಿ. ಹಾಡುವವರು ದನಿ ತಗ್ಗಿಸಿದ ಕ್ಷಣ ನಾನೂ ತಗ್ಗಬೇಕು. ಮಲ್ಟಿಯಲ್ಲಿ ಆಗ ಕಾಲಬುಡದ ಸಣ್ಣ ಪರದೆ ನೋಡುತ್ತಾ ಪ್ಯಾಚ್ (ಮೊದಲೇ ಸೇವ್ ಮಾಡಿಟ್ಟ ಸೆಟ್ಟಿಂಗ್) ಹುಡುಕಬೇಕು. ಗಿಟಾರ್ ವಾಲ್ಯೂಮಿಗೆ ಕಿರುಬೆರಳು ಸಾಕು. ಹತ್ತರಲ್ಲಿ ಸೋಲೋ, ಆರಕ್ಕಿಳಿಸಿದರೆ ರಿದಮ್. ಪೆಡಲ್ ಆನ್ ಆಗಿಯೇ ಇರುತ್ತದೆ. ಒಳಗೆ ಹೋಗುವ ಸಿಗ್ನಲ್ ಕಡಿಮೆಯಾದಂತೆ ಅದರ ಕರಕರವೂ ತಾನೇ ಇಳಿಯುತ್ತದೆ.

ಆದರೆ ಇದರಲ್ಲೂ ಒಂದು ತಲೆನೋವಿದೆ. ವಾಲ್ಯೂಮ್ ಇಳಿಸಿದರೆ ಸದ್ದಿನ ಜೊತೆ ಹೊಳಪೂ ಹೋಗುತ್ತದೆ, ಕಂಬಳಿ ಹೊದಿಸಿದ ಹಾಗೆ. ನಾನು ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಮೇಲೆ ಅನುಮಾನಪಟ್ಟೆ, ತಂತಿ ಬದಲಿಸಿದೆ, ಆ್ಯಂಪ್‌ನಲ್ಲಿ ಟ್ರೆಬಲ್ ಏರಿಸಿದೆ. ಟ್ರೆಬಲ್ ಏರಿಸಿದರೆ ಸೋಲೋ ಹೊತ್ತಿಗೆ ಕಿವಿಗೆ ಚುಚ್ಚುತ್ತದೆ!

ನಿಜವಾದ ಕಾರಣ ಕೇಬಲ್ಲು. ಯಾವ ಕೇಬಲ್ಲಿಗೂ ಒಂದಿಷ್ಟು ಕೆಪಾಸಿಟೆನ್ಸ್ ಇರುತ್ತದೆ. ಗುಂಡಿ ಇಳಿಸಿದಾಗ ಅದರ ಕೆಳಗಿರುವ ಪಾಟ್‌ನ ರೆಸಿಸ್ಟನ್ಸ್ ಸಿಗ್ನಲ್ ದಾರಿಗೆ ಅಡ್ಡ ಬರುತ್ತದೆ. ಎರಡೂ ಸೇರಿ ಮೇಲಿನ ಸ್ವರಾಂಶಗಳನ್ನು ನುಂಗುತ್ತವೆ. ಕೇಬಲ್ ಉದ್ದವಾದಷ್ಟೂ ಕಾಟ ಜಾಸ್ತಿ. ಹಾಗಾಗಿ ಮೊದಲು ಗಿಟಾರ್‌ನಿಂದ ಪೆಡಲ್‌ವರೆಗಿನ ಕೇಬಲ್ ಗಿಡ್ಡ ಮಾಡಿದೆ. ಸ್ವಲ್ಪ ಸುಧಾರಿಸಿತು.

ಆಮೇಲೆ ಟಿವಿ ರಿಪೇರಿ ಅಂಗಡಿಯ ಅಣ್ಣನ ಹತ್ತಿರ ವಾಲ್ಯೂಮ್ ಪಾಟ್‌ನ ಇನ್‌ಪುಟ್ ಕಾಲಿನಿಂದ ನಡುವಿನ ಕಾಲಿಗೆ 0.001 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿಸಿದೆ. ಜೊತೆಗೆ ಪ್ಯಾರಲಲ್ ಆಗಿ 150 ಕಿಲೋ ಓಮ್ ರೆಸಿಸ್ಟರ್. ಇದೇ ಟ್ರೆಬಲ್ ಬ್ಲೀಡ್: ವಾಲ್ಯೂಮ್ ಇಳಿಸಿದರೂ ಮೇಲಿನ ಸ್ವರಾಂಶಗಳು ಕೆಪಾಸಿಟರ್ ಮೂಲಕ ದಾಟಿ ಹೋಗುತ್ತವೆ. ಬರೀ ಕೆಪಾಸಿಟರ್ ಹಾಕಿದರೆ ಕೆಳಗಿಳಿಸಿದಾಗ ದನಿ ತೀರಾ ತೆಳುವಾಗುತ್ತದೆ, ಅದಕ್ಕೇ ರೆಸಿಸ್ಟರ್. ಸಾಮಾನು ಅಗ್ಗ, ಕೂಲಿಯೇ ಜಾಸ್ತಿ. “ಇಷ್ಟಕ್ಕೇನ್ರೀ ಹೊಸ ಗಿಟಾರ್ ತಗೊಳ್ಳೋಕ್ ಹೊಂಟಿದ್ರಿ?” ಅಂತ ಅವರು ನಕ್ಕರು.

ಪೆಂಡಾಲಿನ ಲೈಟುಗಳ ಹತ್ತಿರ ನನ್ನ ಸಿಂಗಲ್ ಕಾಯಿಲ್ ಪಿಕಪ್‌ಗಳು ಗುಂಯ್ ಅನ್ನುತ್ತವೆ. ಮಲ್ಟಿಯ ನಾಯ್ಸ್ ಗೇಟ್ ಅದನ್ನು ಮುಚ್ಚುತ್ತದೆ ನಿಜ, ಜೊತೆಗೆ ಎಳೆದು ಬಿಟ್ಟ ಸ್ವರದ ಬಾಲವನ್ನೂ ಕತ್ತರಿಸುತ್ತದೆ. ನಾನು ಪಿಕಪ್ ಆರಿಸುವ ಐದು ಸ್ಥಾನದ ಸ್ವಿಚ್ಚನ್ನು ಎರಡು ಅಥವಾ ನಾಲ್ಕಕ್ಕೆ ತಳ್ಳುತ್ತೇನೆ, ಆಗ ನಡುವಿನ ಪಿಕಪ್ ಪಕ್ಕದ್ದರ ಜೊತೆ ಸೇರುತ್ತದೆ. ನಡುವಿನ ಪಿಕಪ್ ಉಲ್ಟಾ ಸುತ್ತಿದ್ದರೆ ಗುಂಯ್ ಬಹುಪಾಲು ಅಡಗುತ್ತದೆ. 1954ರ ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಗಿಟಾರಿನ ಸ್ವಿಚ್ಚಿನಲ್ಲಿ ಮೂರೇ ಸ್ಥಾನಗಳಿದ್ದವು. ಜನ ಸ್ವಿಚ್ಚನ್ನು ಎರಡು ಸ್ಥಾನಗಳ ನಡುವೆ ಸಿಕ್ಕಿಸಿ ನಿಲ್ಲಿಸುತ್ತಿದ್ದರು. ಕಂಪನಿಯೇ ಐದು ಸ್ಥಾನದ ಸ್ವಿಚ್ ಕೊಟ್ಟಿದ್ದು 1977ರಲ್ಲಿ!

ಡಿಲೇ, ಅಂದರೆ ಪ್ರತಿಧ್ವನಿಯ ವಿಷಯದಲ್ಲಿ ಮಲ್ಟಿಯೇ ಗೆದ್ದಿತು. ಆದರೆ ನನಗೆ ಮಿಕ್ಸರ್‌ನವರು ಹಾಕುವ ರಿವರ್ಬ್ (ದೊಡ್ಡ ಹಾಲ್‌ನಲ್ಲಿ ಕೇಳುವಂಥ ಗುಂಗು) ಸಾಕು.

ಮನೆಯಲ್ಲೇ ನುಡಿಸಿ ಕಂಪ್ಯೂಟರಿಗೆ ರೆಕಾರ್ಡ್ ಮಾಡುವವರು ಮಲ್ಟಿ ತಗೊಳ್ಳಿ, ಒಂದೇ ಡಬ್ಬಿಯಲ್ಲಿ ಎಲ್ಲ ಸಿಗುತ್ತದೆ. ನನ್ನ ಹಾಗೆ ಸ್ಕೂಟರ್ ಮೇಲೆ ಗಿಟಾರ್ ಹೊತ್ತು ಹೋಗುವವರಿಗೆ ಒಂದು ಪೆಡಲ್ಲು, ಒಂದು 9 ವೋಲ್ಟ್ ಬ್ಯಾಟರಿ ಸಾಕು. ಉಳಿದ ದುಡ್ಡಲ್ಲಿ ನಾನು ಒಳ್ಳೆ ಕೇಬಲ್ ತಗೊಂಡೆ.