ದೊಡ್ಡ ಮನೆ, ಮೂರು ಒಲೆ: ಯಾವುದು ಕಡಿಮೆ ಸೌದೆ ತಿನ್ನುತ್ತದೆ?

ಚಳಿಗಾಲದಲ್ಲಿ ಗಂಟೆಗೆ 10 ಯೂನಿಟ್ ಶಾಖ ಸೋರುವ ಮನೆ ಎಂದಿಟ್ಟುಕೊಳ್ಳಿ. ಕರೆಂಟಿನ ಮೀಟರ್ ತೋರಿಸುವ ಯೂನಿಟ್ಟೇ ಇದು. ದಿನಕ್ಕೆ 240 ಯೂನಿಟ್ ಆಯಿತು. ಶೇ 20ರಷ್ಟು ತೇವ ಉಳಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 4 ಯೂನಿಟ್ ಇರುತ್ತದೆ. ಅದರಲ್ಲಿ ಮನೆಗೆಷ್ಟು, ಚಿಮಣಿಗೆಷ್ಟು ಎನ್ನುವುದೇ ಪ್ರಶ್ನೆ.

ತೆರೆದ ಅಗ್ಗಿಷ್ಟಿಕೆಯನ್ನು ಪೈಪೋಟಿಗೇ ಸೇರಿಸಿಲ್ಲ. ಮನೆಗೆ ಶೇ 15 ದಕ್ಕಿದರೂ ದಿನಕ್ಕೆ 400 ಕಿಲೋ ಬೇಕು. ಸಾಲದ್ದಕ್ಕೆ ಅದು ಒಳಗಿನ ಬೆಚ್ಚನೆ ಗಾಳಿಯನ್ನೇ ಮೇಲಕ್ಕೆಳೆದು, ಕಿಟಕಿ ಸಂದಿಗಳಿಂದ ತಣ್ಣನೆ ಗಾಳಿ ಒಳಗೆ ತರುತ್ತದೆ.

ಗಾಜಿನ ಬಾಗಿಲಿನ ಎರಕದ ಕಬ್ಬಿಣದ ಒಲೆ ಶೇ 75 ಕೊಡುತ್ತದೆ, ಅಂದರೆ 80 ಕಿಲೋ. ಉರಿಸಿ ನೋಡಿದರೆ ಮಾತ್ರ ಲೆಕ್ಕ ತಪ್ಪುತ್ತದೆ. ಮನೆ ದೊಡ್ಡದೆಂದು ದೊಡ್ಡ ಒಲೆ ತಂದಿರುತ್ತಾರೆ. ಅಷ್ಟೊಂದು ಚಳಿಯಿಲ್ಲದ ದಿನ ಸೆಕೆಯಾಗುತ್ತದೆಂದು ಗಾಳಿಕಿಂಡಿ ಮುಚ್ಚುತ್ತಾರೆ. ಸೌದೆ ಕಾದಾಗ ಅದರ ತೂಕದ ಮುಕ್ಕಾಲಿಗೂ ಹೆಚ್ಚು ಪಾಲು ಅನಿಲವಾಗಿ ಹೊರಡುತ್ತದೆ. ಗಾಳಿ ಸಾಲದಿದ್ದರೆ ಆ ಅನಿಲ ಹೊಗೆಯಾಗಿ ಮೇಲೇರಿ, ಚಿಮಣಿಯಲ್ಲಿ ಟಾರಾಗಿ ಅಂಟುತ್ತದೆ. ಮುಂದೊಂದು ದಿನ ಆ ಟಾರಿಗೇ ಬೆಂಕಿ ಹತ್ತುತ್ತದೆ. ರಾತ್ರಿಯಿಡೀ ಒಂದೇ ದಿಮ್ಮಿ ಕನಲುತ್ತಿದ್ದರೆ ಉಳಿತಾಯ ಎನ್ನುವವರು ಒಮ್ಮೆ ತಮ್ಮ ಚಿಮಣಿಗೆ ಇಣುಕಿ ನೋಡಬೇಕು. ಈ ಒಲೆಗೆ ಹೊಂದುವುದು ಚಿಕ್ಕ, ಚುರುಕು ಬೆಂಕಿ: 8–10 ಸೆಂ.ಮೀ. ದಪ್ಪದ ಸೀಳುಗಳು 2–3 ಕಿಲೋ, ಪುಳ್ಳೆ ಮೇಲಿಟ್ಟು ಮೇಲಿನಿಂದ ಹೊತ್ತಿಸುವುದು, ಜ್ವಾಲೆ ಇರುವವರೆಗೆ ಗಾಳಿ ಪೂರ್ತಿ ಕಟ್ಟದಿರುವುದು. ಬಾಗಿಲಿನಲ್ಲಿ ಕಾಗದದ ಪಟ್ಟಿ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ಬಾಗಿಲಿನ ಸಂದಿ ಮುಚ್ಚುವ ಗ್ಯಾಸ್ಕೆಟ್ ಹಗ್ಗ ಸವೆದಿದೆ, ಗಾಳಿ ನಿಮ್ಮ ಹಿಡಿತದಲ್ಲಿಲ್ಲ.

ಟನ್ನುಗಟ್ಟಲೆ ತೂಗುವ ಇಟ್ಟಿಗೆ ಒಲೆಯಲ್ಲಿ ಈ ತೊಂದರೆಯಿಲ್ಲ. 15 ಕಿಲೋ ಸೌದೆ ಒಂದೂವರೆ ಗಂಟೆಯಲ್ಲಿ ಧಗಧಗನೆ ಉರಿದು ಮುಗಿಯುತ್ತದೆ. ಬಿಸಿ ಹೊಗೆ ಒಳದಾರಿಗಳಲ್ಲಿ ಸುತ್ತಿ ಇಟ್ಟಿಗೆಯನ್ನು ಕಾಯಿಸುತ್ತದೆ, ಇಟ್ಟಿಗೆ ಅರ್ಧ ದಿನ ಶಾಖ ಬಿಡುತ್ತದೆ. ಸುಖವೆಂದರೆ ಇದೇ. ಆದರೆ ದಿನಕ್ಕೆ ಎರಡು ಸಲ ಹೊತ್ತಿಸಿದರೂ 30 ಕಿಲೋ, ಶೇ 80ರ ಲೆಕ್ಕದಲ್ಲಿ 96 ಯೂನಿಟ್. ನಮ್ಮ ಮನೆಯ ಅರ್ಧಕ್ಕೂ ಸಾಲದು. ವಾರಕ್ಕೊಮ್ಮೆ ಬಂದು ಹೋಗುವ ಮನೆಗಂತೂ ಬೇಡವೇ ಬೇಡ. ಅದು ಬಿಸಿಯಾಗುವ ಹೊತ್ತಿಗೆ ಹೊರಡುವ ಸಮಯ. ಕೆಂಡ ಆರುವ ಮುನ್ನ ಡ್ಯಾಂಪರ್ (ಚಿಮಣಿಯ ದಾರಿ ಮುಚ್ಚುವ ತಗಡು) ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಮನೆ ತುಂಬುತ್ತದೆ.

ಇಡೀ ಮನೆ ಬೆಚ್ಚಗಿರಬೇಕೆಂದರೆ ಅನಿಲೀಕರಣ ಬಾಯ್ಲರ್ (ಸೌದೆಯ ಅನಿಲವನ್ನು ಬೇರೆ ಗೂಡಿನಲ್ಲಿ ಉರಿಸಿ ನೀರು ಕಾಯಿಸುವ ಒಲೆ) ಮತ್ತು ಆ ಬಿಸಿನೀರು ಕೂಡಿಡುವ ಟ್ಯಾಂಕಿನ ಜೋಡಿಯೇ ಗೆಲ್ಲುವುದು: ಶೇ 87 ಹಿಡಿದರೆ ಸುಮಾರು 70 ಕಿಲೋ. ಇಲ್ಲಿ ಜನ ಎಡವುವುದು ಟ್ಯಾಂಕಿನಲ್ಲಿ. 30 ಕಿಲೋವ್ಯಾಟ್ ಬಾಯ್ಲರಿಗೆ 2000 ಲೀಟರ್ ದೊಡ್ಡದೇನಲ್ಲ. ಆ ನೀರು 85 ಡಿಗ್ರಿಯಿಂದ 35ಕ್ಕೆ ಇಳಿದರೆ 116 ಯೂನಿಟ್ ಕೊಡುತ್ತದೆ. ನೆಲ ಬೆಚ್ಚಗಿಡುವ ನೆಲದಡಿಯ ಕೊಳವೆಗಳಿಗೆ 35 ಡಿಗ್ರಿ ಸಾಕು. ಬಿಸಿನೀರಿನಿಂದ ಕೋಣೆ ಕಾಯಿಸುವ, 75 ಡಿಗ್ರಿಯೇ ಬೇಕೆನ್ನುವ ಹಳೆಯ ಚಿಕ್ಕ ರೇಡಿಯೇಟರ್‌ಗಳಿದ್ದರೆ ಅದೇ ಟ್ಯಾಂಕ್ 23 ಯೂನಿಟ್ಟಿನಷ್ಟಕ್ಕೇ ಬರಿದು. ಆದ್ದರಿಂದ ಮೊದಲು ರೇಡಿಯೇಟರ್ ದೊಡ್ಡದಾಗಲಿ, ಟ್ಯಾಂಕ್ ಆಮೇಲೆ. ಬಾಯ್ಲರಿಗೆ ಮರಳುವ ನೀರು 55–60 ಡಿಗ್ರಿಗಿಂತ ತಣ್ಣಗಿದ್ದರೆ ಒಳಗೋಡೆಯಲ್ಲಿ ಹೊಗೆ ಬೆವತು ಟಾರು, ತುಕ್ಕು ಹಿಡಿಯುತ್ತದೆ. ಮರಳುವ ನೀರಿಗೆ ಬಿಸಿನೀರು ಬೆರೆಸುವ ಮಿಶ್ರಣ ವಾಲ್ವ್ ಬಿಟ್ಟು ಹಣ ಉಳಿಸಬೇಡಿ. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಬೆಂಕಿ ನಿಲ್ಲುವುದಿಲ್ಲ. ಆಗ ತಣ್ಣೀರು ಹರಿಸಿ ಬಾಯ್ಲರಿನ ಶಾಖ ಹೊರಗೊಯ್ಯುವ ತುರ್ತು ತಂಪಿನ ಸುರುಳಿ ಇರಲೇಬೇಕು.

ಹಸಿ ಸೌದೆ ಈ ಅಂಕಿಗಳನ್ನೆಲ್ಲ ಕೆಡಿಸುತ್ತದೆ. ಅರ್ಧಕ್ಕರ್ಧ ನೀರಿರುವ ಸೌದೆಯಲ್ಲೂ ನೀರನ್ನು ಆವಿಯಾಗಿಸಲು ಹೋಗುವ ಹೆಚ್ಚುವರಿ ಶಾಖ ಹತ್ತರಲ್ಲೊಂದು ಪಾಲು ಮಾತ್ರ. ದೊಡ್ಡ ನಷ್ಟವಾಗುವುದು ಗೂಡು ತಣ್ಣಗಾಗಿ ಅನಿಲ ಉರಿಯದೆ ಹೋಗುವುದರಿಂದ. ತೇವ ಅಳೆಯುವಾಗ ದಿಮ್ಮಿಯನ್ನು ಆಗಲೇ ಸೀಳಿ ಒಳಮೈಗೆ ಮೀಟರ್ ಚುಚ್ಚಿ. ತುದಿ ಯಾವಾಗಲೂ ಒಣಗಿಯೇ ಇರುತ್ತದೆ.

ಇನ್ನು ಅರ್ಧ ಮನೆಯನ್ನಷ್ಟೇ ಬಳಸುವವರಿಗೆ ಲೆಕ್ಕ ತಿರುಗಿ ಬೀಳುತ್ತದೆ. ಬಾಗಿಲು ಹಾಕಿ, ಸಂದಿಗಳಿಗೆ ಪಟ್ಟಿ ಹಚ್ಚಿ ಸೋರಿಕೆಯನ್ನು ಗಂಟೆಗೆ 6 ಯೂನಿಟ್ಟಿಗೆ ಇಳಿಸಿದರೆ, ಚಿಕ್ಕ ಕಬ್ಬಿಣದ ಒಲೆಗೆ ದಿನಕ್ಕೆ 48 ಕಿಲೋ ಸಾಕು. ಇಡೀ ಮನೆ ಕಾಯಿಸುವ ಬಾಯ್ಲರಿಗಿಂತ ಕಡಿಮೆ! ಮುಚ್ಚಿದ ಕೋಣೆಗಳಲ್ಲಿ ನಲ್ಲಿ ಕೊಳವೆಯಿದ್ದರೆ ಮಾತ್ರ ಅವನ್ನು ಹೆಪ್ಪುಗಟ್ಟುವಷ್ಟು ತಣಿಯಲು ಬಿಡಬಾರದು; 10–12 ಡಿಗ್ರಿ ಉಳಿಸಿಕೊಳ್ಳಿ.